ಮನೆಯ ಸುತ್ತಣ ಕುಟುಕುವ ಹುಳುಗಳು



ನಮ್ಮ ಮನೆಗಳಿಗೆ ಕರೆಯದೆ ಬರುವ ಅತಿಥಿಗಳು ಹಲವರು. ಇರುವೆ ಸಕ್ಕರೆಗೆ ಬರುತ್ತದೆ. ಇಲಿ ಧಾನ್ಯಕ್ಕೆ ಬರುತ್ತದೆ. ಜಿರಲೆ ಯಾವುದಕ್ಕಾದರೂ ಬರುತ್ತದೆ. ಇವುಗಳನ್ನು ಕಂಡರೆ ನಮಗೆ ಅಸಹ್ಯವುಂಟೇ ಹೊರತು ಭಯವಿಲ್ಲ. ಆದರೆ ಕಿಟಕಿಯ ಮೂಲೆಯಲ್ಲಿ ಕಣಜದ ಹುಳುವೊಂದು ಗುಂಯ್‌ಗುಟ್ಟಿತೆಂದರೆ ಮನೆಗೆ ಮನೆಯೇ ಎದ್ದು ನಿಲ್ಲುತ್ತದೆ. ಒಬ್ಬರು ಪೊರಕೆಯನ್ನು ಹುಡುಕುವರು. ಇನ್ನೊಬ್ಬರು ಸೀಮೆಎಣ್ಣೆಯನ್ನು ನೆನೆಯುವರು. ಮಕ್ಕಳು ಮಂಚವನ್ನೇರಿ ಕೂಗುವರು. ಈ ಗಲಭೆಯ ನಡುವೆ ಯಾರೂ ಕೇಳದ ಪ್ರಶ್ನೆಯೊಂದುಂಟು: ಬಂದಿರುವುದು ಯಾವ ಹುಳು? ಈ ಪ್ರಶ್ನೆಯನ್ನು ಮೊದಲು ಕೇಳಬೇಕು, ಉಪಾಯವನ್ನು ಆಮೇಲೆ ಯೋಚಿಸಬೇಕು ಎಂಬುದೇ ನಾನು ಈ ಹೊತ್ತು ಹೇಳಬೇಕೆಂದಿರುವ ಮಾತು. ಏಕೆಂದರೆ ನಾವು ಹೊಡೆದು ಕೊಲ್ಲುವ ಹುಳುಗಳಲ್ಲಿ ಅನೇಕವು ನಿರಪರಾಧಿಗಳು. ನಿಜವಾಗಿಯೂ ಪ್ರಾಣಕ್ಕೆ ಅಪಾಯವಾದ ಸಂದರ್ಭಗಳನ್ನಾದರೋ ನಾವು ಗುರುತಿಸದೆ ಬಿಡುತ್ತೇವೆ.

ಮೊದಲು ಕೊಂಡಿಯ ವಿಷಯವಾಗಿ ಎರಡು ಮಾತು. ಜೇನು, ಕಣಜ ಮುಂತಾದವುಗಳ ಕೊಂಡಿ ಬೇರೆಯಾಗಿ ಹುಟ್ಟಿದ ಆಯುಧವಲ್ಲ. ಅದು ಮೊಟ್ಟೆಯಿಡುವ ನಾಳವೇ ಕಾಲಕ್ರಮದಲ್ಲಿ ಮಾರ್ಪಟ್ಟು ಆದದ್ದು. ಆದುದರಿಂದ ಕುಟುಕುವ ಶಕ್ತಿ ಹೆಣ್ಣುಹುಳುವಿಗೆ ಮಾತ್ರ ಉಂಟು. ಗಂಡುಹುಳು ಎಷ್ಟು ಗದ್ದಲ ಮಾಡಿದರೂ ಕುಟುಕಲಾರದು. ಈ ಆಯುಧ ಎರಡು ಕೆಲಸಗಳಿಗೆ ಬಳಕೆಯಾಗುತ್ತದೆ. ಒಂಟಿಯಾಗಿ ಬಾಳುವ ಹುಳುಗಳು ಅದರಿಂದ ಬೇಟೆಯನ್ನು ಹಿಡಿಯುತ್ತವೆ. ಗುಂಪಾಗಿ ಬಾಳುವ ಹುಳುಗಳು ಗೂಡನ್ನು ಕಾಯುತ್ತವೆ. ಹೂವಿನ ಮೇಲೆ ಕುಳಿತ ಜೇನಾಗಲಿ, ನಲ್ಲಿಯ ಬಳಿ ನೀರು ಹೀರುವ ಕಣಜವಾಗಲಿ, ನಾವಾಗಿ ಹಿಸುಕದಿದ್ದರೆ ಕುಟುಕುವುದು ಬಹಳ ಅಪರೂಪ. ಅದೇ ಹುಳು ತನ್ನ ಗೂಡಿನ ಬಳಿ ಬೇರೆಯೇ ಹುಳುವಾಗುತ್ತದೆ. ಆದುದರಿಂದ ಒಂದು ಹುಳುವನ್ನು ಕಂಡಾಗ ನಾವು ನೋಡಬೇಕಾದದ್ದು, ಅದರ ಗೂಡು ಎಲ್ಲಿದೆ, ಎಂತಹುದು ಎಂಬುದನ್ನು.

ಗೂಡು ಮಣ್ಣಿನದಾದರೆ ಭಯಪಡಬೇಕಾದದ್ದಿಲ್ಲ. ಗೋಡೆಯ ಮೂಲೆಯಲ್ಲಿ, ಪುಸ್ತಕಗಳ ಹಿಂದೆ, ಕೆಲವು ವೇಳೆ ಬೀಗದ ರಂಧ್ರದಲ್ಲಿಯೂ ಸಣ್ಣ ಮಡಕೆಯಂತೆಯೋ ಮಣ್ಣಿನ ಉಂಡೆಯಂತೆಯೋ ಗೂಡು ಮಾಡುವ ಹುಳುವನ್ನು ನಮ್ಮ ಜನ ಕುಂಬಾರ ಹುಳುವೆಂದು ಕರೆಯುವರು. ತೆಳುವಾದ ನಡು, ಉದ್ದವಾದ ಕಾಲು, ಸದಾ ಅವಸರದ ಓಡಾಟ. ಇದು ಒಂಟಿ ಜೀವಿ; ಗೂಡನ್ನು ಕಾಯುತ್ತ ಕೂರುವುದಿಲ್ಲ; ಕೈಯಲ್ಲಿ ಹಿಡಿದರಲ್ಲದೆ ಕುಟುಕುವುದಿಲ್ಲ. ವೇದಾಂತಗ್ರಂಥಗಳಲ್ಲಿ ಬರುವ ಕೀಟಭ್ರಮರ ನ್ಯಾಯವು ಶ್ರೋತೃಗಳಿಗೆ ತಿಳಿದೇ ಇದೆ. ಭ್ರಮರವು ಕೀಟವೊಂದನ್ನು ತಂದು ಗೂಡಿನಲ್ಲಿ ಮುಚ್ಚುತ್ತದೆ. ಆ ಕೀಟ ಭ್ರಮರವನ್ನೇ ನೆನೆನೆನೆದು ತಾನೂ ಭ್ರಮರವಾಗಿ ಹೊರಬರುತ್ತದೆ. ಹಾಗೆಯೇ ಜೀವನು ಬ್ರಹ್ಮಧ್ಯಾನದಿಂದ ಬ್ರಹ್ಮವೇ ಆಗುತ್ತಾನೆ ಎಂಬುದು ಅದರ ತಾತ್ಪರ್ಯ. ದೃಷ್ಟಾಂತವಾಗಿ ಅದರ ಬೆಲೆ ಇಂದಿಗೂ ಕುಂದಿಲ್ಲ. ಆದರೆ ಗೂಡಿನೊಳಗೆ ನಡೆಯುವುದು ಬೇರೆ. ತಾಯಿಹುಳು ಕಂಬಳಿಹುಳುವನ್ನೋ ಜೇಡವನ್ನೋ ಕುಟುಕಿ, ಕೊಲ್ಲದೆ, ಅಲುಗಾಡದಂತೆ ಮಾಡಿ ಒಳಗಿಟ್ಟು, ಅದರೊಡನೆ ಮೊಟ್ಟೆಯನ್ನಿಟ್ಟು ಬಾಯಿ ಮುಚ್ಚುತ್ತದೆ. ಮೊಟ್ಟೆಯೊಡೆದು ಬಂದ ಮರಿಗೆ ಆ ಬೇಟೆಯೇ ಕೆಡದ ಆಹಾರ. ಹೊರಬರುವುದು ತಿಂದ ಮರಿಯೇ ಹೊರತು ತಿನ್ನಿಸಿಕೊಂಡ ಕೀಟವಲ್ಲ. ನಮ್ಮ ಪೂರ್ವಿಕರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಮಾತ್ರ ಈ ನ್ಯಾಯವೇ ಸಾಕ್ಷಿ. ಅವರು ಹುಳುವನ್ನು ನಿಂತು ನೋಡಿದರು. ನಾವು ನೋಡುವುದಕ್ಕೆ ಮೊದಲೇ ಹೊಡೆಯುತ್ತೇವೆ. ಈ ಗೂಡು ಬೀಗಕ್ಕೋ ವಿದ್ಯುತ್ತಿನ ಪೆಟ್ಟಿಗೆಗೋ ಅಡ್ಡಿಯಾದರೆ ಕೆರೆದು ತೆಗೆಯಬಹುದು. ಇಲ್ಲವಾದರೆ ಬಿಟ್ಟುಬಿಡುವುದೇ ಲೇಸು.

ಗೂಡು ಬೂದುಬಣ್ಣದ ಕಾಗದದಂತಿದ್ದು, ಸಣ್ಣ ಕಾಂಡವೊಂದರಿಂದ ತೂಗುತ್ತಾ, ಅದರ ಕೋಣೆಗಳು ಬಯಲಾಗಿ ಕಾಣುತ್ತಿದ್ದರೆ ಅದು ಕಣಜದ ಗೂಡು. ಮರದ ನಾರನ್ನು ಅಗಿದು ಜೊಲ್ಲಿನೊಡನೆ ಕಲಸಿ ಈ ಹುಳುಗಳು ಕಾಗದವನ್ನು ಮಾಡುತ್ತವೆ. ಸೂರಿನಡಿಯಲ್ಲಿಯೂ ಕಿಟಕಿಯ ಸಂದಿನಲ್ಲಿಯೂ ಇವು ಮನೆಮಾಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ರಾಘವೇಂದ್ರ ಗದಗಕರ್ ಅವರು ಈ ಜಾತಿಯ ಕಣಜವೊಂದನ್ನು ಹಲವು ದಶಕಗಳ ಕಾಲ ಅಭ್ಯಾಸ ಮಾಡಿ, 2001ರಲ್ಲಿ ಅದರ ಸಮಾಜಜೀವನದ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅವರು ಕಂಡ ಸಂಗತಿಗಳಲ್ಲೊಂದು ಕೇಳಲು ಸ್ವಾರಸ್ಯವಾಗಿದೆ. ಆ ಗೂಡಿನ ರಾಣಿ ಬಹು ಸಾಧುವಾದ ಹುಳು. ಯಾರನ್ನೂ ಗದರಿಸದೆ ಆಳುತ್ತದೆ. ರಾಣಿಯನ್ನು ತೆಗೆದುಬಿಟ್ಟರೆ ದುಡಿಯುವ ಹುಳುಗಳಲ್ಲೊಂದು ಕೆಲವೇ ನಿಮಿಷಗಳಲ್ಲಿ ಉಗ್ರವಾಗಿ ಮೇಲೇಳುತ್ತದೆ. ಉಳಿದವು ಜಗಳವಿಲ್ಲದೆ ಅದನ್ನು ಉತ್ತರಾಧಿಕಾರಿಯೆಂದು ಒಪ್ಪಿಕೊಳ್ಳುತ್ತವೆ. ನಮ್ಮ ಕಿಟಕಿಯ ಹಿಂದೆ ಇಂತಹ ರಾಜ್ಯವೊಂದು ನಡೆಯುತ್ತಿದೆಯೆಂದು ತಿಳಿದ ಮೇಲೆ ಪೊರಕೆಯ ಕೈ ಸ್ವಲ್ಪ ತಡೆಯಬಹುದೆಂದು ನನ್ನ ನಂಬಿಕೆ.

ತಡೆದರೆ ಲಾಭವೂ ಉಂಟು. ಇವು ಮರಿಗಳಿಗೆಂದು ಹಿತ್ತಿಲ ಗಿಡಗಳ ಕಂಬಳಿಹುಳುಗಳನ್ನು ಹಿಡಿದು ತರುತ್ತವೆ. ಯಾರೂ ಸುಳಿಯದ ಕಡೆ ಕಟ್ಟಿದ ಗೂಡನ್ನು ಹಾಗೆಯೇ ಬಿಡಬಹುದು. ಆದರೆ ಬಾಗಿಲ ಚೌಕಟ್ಟಿನಲ್ಲಿಯೋ, ಮಕ್ಕಳ ಕೈ ತಾಗುವೆಡೆಯಲ್ಲಿಯೋ ಗೂಡು ಮೊದಲಾದರೆ ಅದನ್ನು ಬೆಳೆಯಗೊಡಬಾರದು. ಇಂತಹ ಗೂಡು ಒಂದೆರಡು ಹುಳುಗಳಿಂದ, ನಾಲ್ಕೈದು ಕೋಣೆಗಳಿಂದ ಪ್ರಾರಂಭವಾಗುತ್ತದೆ. ಆ ಹಂತದಲ್ಲಿ, ಹುಳು ಹೊರಗೆ ಹೋಗಿರುವಾಗ, ಉದ್ದವಾದ ಕೋಲಿನಿಂದ ಕೆರೆದು ಹಾಕಿದರೆ ಸಾಕು. ವಾರಕ್ಕೊಂದು ಸಲ ಸೂರು, ಕಿಟಕಿಯ ಹಿಂಭಾಗ, ವಿದ್ಯುತ್ತಿನ ಮೀಟರಿನ ಪೆಟ್ಟಿಗೆ, ಹೂಕುಂಡಗಳ ಸಾಲು ಇವನ್ನು ಕಣ್ಣಾಡಿಸಿ ನೋಡುವ ಅಭ್ಯಾಸವು ಯಾವ ಔಷಧಕ್ಕಿಂತಲೂ ಮಿಗಿಲು.

ಇದೇ ಬಳಗದಲ್ಲಿ ದೊಡ್ಡ ಜಾತಿಯದೊಂದುಂಟು. ಕಪ್ಪು ಮೈ, ಹೊಟ್ಟೆಯ ಮೇಲೆ ಹಳದಿ ಅಥವಾ ಕಿತ್ತಳೆಯ ಪಟ್ಟಿ, ಒಂದು ಅಂಗುಲದಷ್ಟು ಉದ್ದ. ಹಲವೆಡೆ ಇದನ್ನು ಕಡಜವೆನ್ನುವರು. ಇದರ ಕೆಲವು ಜಾತಿಗಳು ಮರದ ಮೇಲೋ ಮನೆಯ ಜಂತಿಯಲ್ಲೋ ಕುಂಬಳಕಾಯಿಯಂತೆ ದುಂಡಗೆ ಮುಚ್ಚಿದ ಕಾಗದದ ಗೂಡನ್ನು ಕಟ್ಟುತ್ತವೆ. ಮತ್ತೆ ಕೆಲವು ನೆಲದ ಬಿಲವನ್ನೋ ಮರದ ಪೊಟರೆಯನ್ನೋ ಹಿಡಿಯುತ್ತವೆ. ಜೇನಿನ ಕೊಂಡಿಯಂತೆ ಇದರ ಕೊಂಡಿ ಮೈಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಆದುದರಿಂದ ಒಂದೇ ಹುಳು ಮತ್ತೆ ಮತ್ತೆ ಕುಟುಕಬಲ್ಲದು. ಇಂತಹ ಗೂಡು ಮನೆಯ ಬಳಿ ಕಂಡರೆ ಮನೆಯವರು ಕೈಹಾಕಲೇಬಾರದು. ಕೆಲಸ ಬಲ್ಲವರನ್ನೇ ಕರೆಯಿಸಬೇಕು.

ಇನ್ನು ಜೇನು. ಇಲ್ಲಿಯೂ ಎಲ್ಲವೂ ಒಂದೇ ಅಲ್ಲ. ಗೋಡೆಯ ರಂಧ್ರದಿಂದ ಮೇಣದ ಸಣ್ಣ ಕೊಳವೆಯೊಂದು ಹೊರಚಾಚಿ, ಅದರ ಬಾಯಲ್ಲಿ ನೊಣಕ್ಕಿಂತ ಚಿಕ್ಕದಾದ ಕಪ್ಪು ಹುಳುಗಳು ಓಡಾಡುತ್ತಿದ್ದರೆ ಅದು ಮುಜಂಟಿ ಜೇನು. ಅದಕ್ಕೆ ಕುಟುಕುವ ಕೊಂಡಿಯೇ ಇಲ್ಲ. ಪೊದೆಯ ಕೊಂಬೆಯಲ್ಲಿ ಅಂಗೈಯಗಲದ ಒಂಟಿ ಹುಟ್ಟನ್ನು ಕಟ್ಟುವುದು ಕೋಲುಜೇನು, ಅದೂ ಸಾಧು. ಪೊಟರೆಯಲ್ಲಿಯೋ ಗೋಡೆಯ ಕತ್ತಲೆಯ ಟೊಳ್ಳಿನಲ್ಲಿಯೋ ಸಾಲಾಗಿ ಹಲವು ಹುಟ್ಟುಗಳನ್ನು ಕಟ್ಟುವುದು ತುಡುವೆ. ಕೊಡಗಿನವರೂ ಮಲೆನಾಡಿನವರೂ ಪೆಟ್ಟಿಗೆಗಳಲ್ಲಿ ಸಾಕುವುದು ಇದನ್ನೇ. ಮನೆಯ ಗೋಡೆಯಲ್ಲಿ ತುಡುವೆ ಸೇರಿದರೆ ಜೇನು ಸಾಕುವವರು ಬಂದು ಅದನ್ನು ಪೆಟ್ಟಿಗೆಗೆ ಕೂಡಿಸಿಕೊಂಡು ಹೋಗಬಲ್ಲರು. ಒಳಗೆ ಹುಳುಗಳಿರುವಾಗ ರಂಧ್ರಕ್ಕೆ ಗಾರೆ ಮೆತ್ತುವುದು ಮಾತ್ರ ಅವಿವೇಕ. ಹೊರಗಣ ದಾರಿ ಮುಚ್ಚಿದರೆ ಅವು ಒಳಗಣ ದಾರಿಯನ್ನು ಹುಡುಕಿ ನಮ್ಮ ಕೋಣೆಗೇ ಬಂದಾವು. ಒಮ್ಮೊಮ್ಮೆ ಜೇನಿನ ಹಿಂಡು ಹಿತ್ತಿಲ ಕೊಂಬೆಯೊಂದರಲ್ಲಿ ಗೊಂಚಲಾಗಿ ಬಂದು ಕೂರುವುದುಂಟು. ಅದು ಹೊಸ ಮನೆಯನ್ನು ಹುಡುಕುತ್ತ ದಾರಿಯಲ್ಲಿ ತಂಗಿದ ಸಂಸಾರ. ಕಾಯುವುದಕ್ಕೆ ಅದರ ಬಳಿ ಮರಿಯೂ ಇಲ್ಲ, ಜೇನೂ ಇಲ್ಲ. ಕೆಣಕದಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ಎದ್ದುಹೋಗುತ್ತದೆ.

ಉಳಿದದ್ದು ಹೆಜ್ಜೇನು, ಮರ್ಯಾದೆಯೊಡನೆ ದೂರವಿರಬೇಕಾದ ಜೇನು. ಕಾಡಿನಲ್ಲಿ ಎತ್ತರದ ಮರಗಳನ್ನೂ ಬಂಡೆಗಳನ್ನೂ ಆಶ್ರಯಿಸುವ ಈ ಹುಳು ನಗರಗಳಲ್ಲಿ ನೀರಿನ ತೊಟ್ಟಿಗಳನ್ನೂ ಹಲವು ಅಂತಸ್ತುಗಳ ಕಟ್ಟಡಗಳನ್ನೂ ಬಂಡೆಗಳೆಂದೇ ಭಾವಿಸುತ್ತದೆ. ಒಂದೇ ಹುಟ್ಟು, ಕೆಲವು ವೇಳೆ ಒಂದು ಗಜಕ್ಕೂ ಹೆಚ್ಚು ಅಗಲ. ಅದರ ಮೇಲೆ ಪರದೆ ಹೊದಿಸಿದಂತೆ ಹತ್ತಾರು ಸಾವಿರ ಹುಳುಗಳು. ಕಡಜ ಹತ್ತಿರ ಬಂದರೆ ಆ ಪರದೆಯ ಮೇಲೆ ನೀರಿನ ಅಲೆಯಂತೆ ಮಿನುಗೊಂದು ಹಾಯುತ್ತದೆ. ಅದು ಶತ್ರುವಿಗೆ ಕೊಡುವ ಎಚ್ಚರಿಕೆ. ಹೆಜ್ಜೇನು ಅಲೆಮಾರಿ, ಹೂವಿನ ಕಾಲಕ್ಕೆ ಬಂದು, ಕಾಲ ತೀರಿದಾಗ ಹುಟ್ಟನ್ನು ಬರಿದಾಗಿ ಬಿಟ್ಟು ಹೊರಟುಹೋಗುತ್ತದೆ. ಕೈಗೆ ಸಿಕ್ಕದ ಎತ್ತರದಲ್ಲಿ ಕಟ್ಟಿದ ಹುಟ್ಟಿಗೆ ತಾಳ್ಮೆಯೇ ಅತ್ಯುತ್ತಮವಾದ ಔಷಧ. ಬೆಳುದಿಂಗಳಿನಲ್ಲಿಯೂ ಹಾರುವ ಈ ಜೇನು ರಾತ್ರಿಯ ದೀಪಕ್ಕೆ ಬಂದು ಬೀಳುವುದುಂಟು. ಆದುದರಿಂದ ಹುಟ್ಟಿನ ಬಳಿಯ ದೀಪಗಳನ್ನು ಆರಿಸಿ, ಕಿಟಕಿಗಳಿಗೆ ಪರದೆಯನ್ನೆಳೆದರೆ ತೊಂದರೆ ಬಹುಪಾಲು ತಪ್ಪುತ್ತದೆ.

ಜೇನುಗೂಡಿಗೆ ಕಲ್ಲು ಹೊಡೆದಂತೆ ಎಂಬ ಮಾತು ಹೆಜ್ಜೇನನ್ನು ಕುರಿತೇ ಹುಟ್ಟಿರಬೇಕು. ಕಲ್ಲೊಂದೇ ಅಲ್ಲ, ಪಟಾಕಿ, ಕೆಳಗೆ ಉರಿಸಿದ ಕಸದ ಹೊಗೆ, ಹುಟ್ಟಿಗೆ ಎರಗಿದ ಗಿಡುಗ, ಇವೆಲ್ಲವೂ ಅದನ್ನು ಎಬ್ಬಿಸಬಲ್ಲುವು. ಒಂದು ಜೇನು ಕುಟುಕಿದೊಡನೆ ಅದರ ಕೊಂಡಿಯಿಂದ ವಾಸನೆಯೊಂದು ಹರಡುತ್ತದೆ. ಈ ವಾಸನೆಯ ಮುಖ್ಯ ದ್ರವ್ಯವನ್ನು 1962ರಲ್ಲಿ ವಿಜ್ಞಾನಿಗಳು ಸಾಕುಜೇನಿನಲ್ಲಿ ಗುರುತಿಸಿದರು. ಮಾಗಿದ ಬಾಳೆಯ ಹಣ್ಣಿನ ವಾಸನೆಗೆ ಹತ್ತಿರವಾದದ್ದು. ನಮಗೆ ಅದು ಹಣ್ಣಿನ ಕಂಪು. ಜೇನಿಗೆ ಅದು ಯುದ್ಧದ ಕಹಳೆ. ಒಂದು ಕುಟುಕಿದ ಎಡೆಗೆ ನೂರು ಬಂದೆರಗುವುದು ಈ ಕಾರಣದಿಂದಲೇ.

ಇಲ್ಲಿ ವಿದ್ಯಾವಂತರಾದ ನಮ್ಮನ್ನು ಕುರಿತು ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಹೆಜ್ಜೇನು ಕಟ್ಟಿತೆಂದರೆ ನಾವು ಕಿಟಕಿಗಳನ್ನು ಭದ್ರಪಡಿಸಿ ಒಳಗೆ ಕುಳಿತು, ಪಂಜನ್ನು ಕಾವಲುಗಾರನ ಕೈಗೋ ತೋಟದ ಆಳಿನ ಕೈಗೋ ಕೊಡುತ್ತೇವೆ. ಕಟ್ಟಡಕ್ಕೆ ಬಣ್ಣ ಬಳಿಯುವವನನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತೇವೆ. ಮೂರನೆಯ ಅಂತಸ್ತಿನ ಚಾಚಿನಡಿಯಲ್ಲಿ ಹುಟ್ಟಿದೆಯೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಜೇನೆದ್ದಾಗ ನಮಗೆ ಓಡಿಹೋಗಲು ಕೋಣೆಯುಂಟು. ಹಗ್ಗದಲ್ಲಿ ತೂಗುವವನಿಗೆ ಏನುಂಟು? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನನ್ನು ಇಳಿಸುವರಲ್ಲವೆ ಎನ್ನಬಹುದು. ಅವರದು ತಲೆಮಾರುಗಳ ವಿದ್ಯೆ. ಕೈಗೆ ಬಂದ ಯಾರೋ ಒಬ್ಬನಿಗೆ ಸೀಮೆಎಣ್ಣೆಯ ಪಂಜನ್ನು ಕೊಟ್ಟ ಮಾತ್ರಕ್ಕೆ ಆ ವಿದ್ಯೆ ಬರಲಾರದು. ಹುಟ್ಟನ್ನು ತೆಗೆಯಲೇಬೇಕಾದರೆ ರಕ್ಷಣೆಯ ಉಡುಪೂ ಅನುಭವವೂ ಉಳ್ಳವರನ್ನು ಕರೆಯಿಸಿ, ನೆರೆಹೊರೆಗೆ ಮೊದಲೇ ತಿಳಿಸಬೇಕು. ವಿಷವನ್ನು ಸಿಂಪಡಿಸಿ ಕೊಂದ ಹುಟ್ಟಿನ ಜೇನನ್ನು ಯಾರೂ ತಿನ್ನಬಾರದು. ಬಿದ್ದ ಹುಟ್ಟನ್ನು ಬೀದಿಯ ಹುಡುಗರು ಹೆಕ್ಕಿಕೊಳ್ಳದಂತೆಯೂ ನೋಡಿಕೊಳ್ಳಬೇಕು. ಮನೆಯಲ್ಲಿ ಯಾವ ಕೆಲಸ ನಡೆಯುವುದಕ್ಕೂ ಮುಂಚೆ ಸೂರು ಚಾಚುಗಳನ್ನು ನೋಡಿ, ಗೂಡಿದ್ದರೆ ಕೆಲಸಗಾರರಿಗೆ ತಿಳಿಸುವುದು ಯಜಮಾನನ ಕರ್ತವ್ಯ.

ಜೇನು ಎದ್ದಿತೆಂದರೆ ಮಾಡತಕ್ಕದ್ದು ಒಂದೇ: ಓಡುವುದು. ಕೈ ಬೀಸದೆ, ಮುಖವನ್ನು ಸೆರಗಿನಿಂದಲೋ ಅಂಗಿಯಿಂದಲೋ ಮುಚ್ಚಿಕೊಂಡು, ದಾರಿ ಕಾಣುವಷ್ಟು ಮಾತ್ರ ಕಣ್ಣು ಬಿಟ್ಟು, ಹತ್ತಿರದ ಮನೆಗೋ ಮುಚ್ಚಿದ ವಾಹನಕ್ಕೋ ಹೊಕ್ಕು ಬಾಗಿಲು ಹಾಕಬೇಕು. ಹೆಜ್ಜೇನು ಬಹುದೂರ ಅಟ್ಟಿಬರುತ್ತದೆ. ಆದುದರಿಂದ ನಾಲ್ಕು ಹೆಜ್ಜೆ ಹೋಗಿ ನಿಂತು ನೋಡುವುದು ತರವಲ್ಲ. ನಮ್ಮೊಡನೆ ಹತ್ತಿಪ್ಪತ್ತು ಹುಳುಗಳು ಒಳಗೆ ಬಂದರೂ ಚಿಂತೆಯಿಲ್ಲ, ಹೊರಗೆ ಸಾವಿರವಿರುತ್ತವೆ. ಕೆರೆಗೆ ಹಾರುವುದು ಉಪಾಯವಲ್ಲ. ತಲೆಯೆತ್ತಿದಾಗ ಅವು ಅಲ್ಲಿಯೇ ಕಾದಿರುತ್ತವೆ.

ಕುಟುಕಿದ ಮೇಲೆ ಏನು ಮಾಡಬೇಕು? ಜೇನಿನ ಕೊಂಡಿಗೆ ಹಿಮ್ಮುಖವಾದ ಮುಳ್ಳುಗಳಿವೆ. ಆದುದರಿಂದ ಕೊಂಡಿಯೂ ಅದಕ್ಕೆ ತಗುಲಿದ ವಿಷದ ಚೀಲವೂ ನಮ್ಮ ಚರ್ಮದಲ್ಲಿಯೇ ಉಳಿದು, ಹುಳು ಸಾಯುತ್ತದೆ. ಹುಳು ಸತ್ತರೂ ಚೀಲ ವಿಷವನ್ನು ಒತ್ತುತ್ತಲೇ ಇರುತ್ತದೆ; ಒಂದು ನಿಮಿಷದೊಳಗೆ ವಿಷವೆಲ್ಲ ಒಳಗಿಳಿಯುತ್ತದೆ. ಚೀಲವನ್ನು ಹಿಸುಕಬಾರದು, ಅಂಚಿನಿಂದ ಕೆರೆದೇ ತೆಗೆಯಬೇಕು ಎಂದು ಬಹುಕಾಲ ಬೋಧಿಸುತ್ತಿದ್ದರು. ಅಮೆರಿಕದ ಕೀಟಶಾಸ್ತ್ರಜ್ಞರು 1996ರಲ್ಲಿ ಪ್ರಕಟಿಸಿದ ಪ್ರಯೋಗದಿಂದ, ಚಿವುಟಿ ತೆಗೆದರೂ ಕೆರೆದು ತೆಗೆದರೂ ಒಂದೇ, ತಡಮಾಡಿದಷ್ಟೂ ಊತ ಹೆಚ್ಚು ಎಂದು ತಿಳಿದುಬಂದಿತು. ಆದುದರಿಂದ ಚಾಕುವನ್ನು ಹುಡುಕುತ್ತ ಹೊತ್ತು ಕಳೆಯದೆ ಉಗುರಿನಿಂದಲೇ ಕಿತ್ತುಹಾಕಬೇಕು. ಅನಂತರ ಸಾಬೂನಿನ ನೀರಿನಿಂದ ತೊಳೆದು ತಣ್ಣೀರಿನ ಬಟ್ಟೆಯನ್ನಿಡಬೇಕು. ಕೈಗೆ ಕುಟುಕಿದ್ದರೆ ಉಂಗುರ ಬಳೆಗಳನ್ನು ಊತ ಏರುವ ಮೊದಲೇ ತೆಗೆಯಬೇಕು. ನಮ್ಮ ಮನೆಗಳಲ್ಲಿ ಸುಣ್ಣವನ್ನು ಹಚ್ಚುವ ರೂಢಿಯುಂಟು. ವಿಷ ಆಮ್ಲ, ಸುಣ್ಣ ಕ್ಷಾರ, ಒಂದನ್ನೊಂದು ಅಳಿಸುವುವು ಎಂದು ಅದಕ್ಕೆ ಸಮರ್ಥನೆಯನ್ನೂ ಕೊಡುವರು. ಆದರೆ ವಿಷ ಚರ್ಮದ ಕೆಳಗಿದೆ, ಸುಣ್ಣ ಮೇಲಿದೆ; ಮೇಲಾಗಿ ಆ ವಿಷ ಬರಿಯ ಆಮ್ಲವಲ್ಲ, ಪ್ರೋಟೀನು ಮೊದಲಾದ ದ್ರವ್ಯಗಳ ಮಿಶ್ರಣ. ಸುಣ್ಣದಿಂದ ಚರ್ಮ ಸುಡಬಹುದೇ ಹೊರತು ವಿಷ ಇಳಿಯಲಾರದು.

ಒಂದೆರಡು ಕುಟುಕುಗಳಿಂದ ನೋವು, ಕೆಂಪು, ಊತ ಬರುವುದು ಸಹಜ; ಹೆಚ್ಚಿನವರಿಗೆ ಅಷ್ಟರಲ್ಲಿಯೇ ಮುಗಿಯುತ್ತದೆ. ಆದರೆ ಮೂರು ಸಂದರ್ಭಗಳಲ್ಲಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಾಯಿಯ ಅಥವಾ ಗಂಟಲಿನ ಒಳಗೆ ಕುಟುಕಿದರೆ, ಊತದಿಂದ ಉಸಿರಿನ ದಾರಿ ಮುಚ್ಚೀತು. ಹತ್ತಾರು ಕುಟುಕುಗಳು ಬಿದ್ದಿದ್ದರೆ, ವಿಷದ ಪ್ರಮಾಣದಿಂದಲೇ ಮಾಂಸಖಂಡಗಳಿಗೂ ಮೂತ್ರಪಿಂಡಗಳಿಗೂ ಕೇಡು ತಟ್ಟೀತು. ಅದು ಒಂದೆರಡು ದಿನ ತಡವಾಗಿಯೂ ತೋರಬಹುದು. ಮೂರನೆಯದು ಎಲ್ಲಕ್ಕಿಂತ ಅವಸರದ್ದು. ಅದಕ್ಕೆ ಒಂದೇ ಕುಟುಕು ಸಾಕು.

ಫ್ರಾನ್ಸಿನ ವೈದ್ಯಶಾಸ್ತ್ರಜ್ಞರಾದ ಷಾರ್ಲ್ ರಿಷೆ ಮತ್ತು ಪೋರ್ಟಿಯೆ ಎಂಬವರು ಸಮುದ್ರಜೀವಿಯ ವಿಷವನ್ನು ನಾಯಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಮೊದಲ ಸಲ ವಿಷವನ್ನು ತಾಳಿದ ನಾಯಿ ಎರಡನೆಯ ಸಲ ಹೆಚ್ಚಾಗಿ ತಾಳಬೇಕಾಗಿತ್ತು. ಅದಕ್ಕೆ ಬದಲಾಗಿ, ಅತ್ಯಲ್ಪ ಪ್ರಮಾಣಕ್ಕೇ ನಿಮಿಷಗಳಲ್ಲಿ ಸತ್ತಿತು. ದೇಹದ ರಕ್ಷಣಾವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಈ ವಿಪರೀತಕ್ಕೆ ಅವರು 1902ರಲ್ಲಿ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ಈ ಕೆಲಸಕ್ಕಾಗಿ ರಿಷೆಗೆ 1913ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಹಿಂದೆ ಹತ್ತು ಸಲ ಕುಟುಕಿಸಿಕೊಂಡು ಏನೂ ಆಗದಿದ್ದವರಿಗೂ ಹನ್ನೊಂದನೆಯ ಸಲ ಹೀಗಾಗಬಹುದು. ಲಕ್ಷಣಗಳನ್ನು ದಯವಿಟ್ಟು ನೆನಪಿನಲ್ಲಿಡಿ: ಕುಟುಕಿದ ಜಾಗದಲ್ಲಿ ಮಾತ್ರವಲ್ಲದೆ ಮೈಯೆಲ್ಲ ದದ್ದು, ತುಟಿ ನಾಲಗೆಗಳ ಊತ, ಧ್ವನಿ ಒಡೆಯುವುದು, ಉಬ್ಬಸ, ವಾಂತಿ, ತಲೆಸುತ್ತು, ಪ್ರಜ್ಞೆ ತಪ್ಪುವುದು. ಇವು ಬಹುಮಟ್ಟಿಗೆ ಕೆಲವೇ ನಿಮಿಷಗಳಲ್ಲಿ ತೋರುತ್ತವೆ.

ಇದಕ್ಕೆ ಮೊದಲ ಔಷಧ ಅಡ್ರಿನಲಿನ್; ಜಪಾನಿನ ತಾಕಮಿನೆ ಎಂಬ ರಸಾಯನಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದ ದ್ರವ್ಯ. ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಅದನ್ನು ಚುಚ್ಚಬೇಕು. ತುರಿಕೆಗೆ ಕೊಡುವ ಮಾತ್ರೆ ಅದರ ಸ್ಥಾನವನ್ನು ತುಂಬಲಾರದು. ಈರುಳ್ಳಿ, ಸುಣ್ಣ, ಮಂತ್ರ ಇವು ಯಾವುವೂ ತುಂಬಲಾರವು. ರೋಗಿಯನ್ನು ನಡೆಸಬಾರದು; ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು; ಉಸಿರಾಟ ಕಷ್ಟವಾಗಿದ್ದರೆ ಒರಗಿಸಿ ಕೂರಿಸಬೇಕು; 108ಕ್ಕೆ ಕರೆಮಾಡಬೇಕು. ಒಮ್ಮೆ ಹೀಗಾದವರು ಬದುಕಿದೆನೆಂದು ಸುಮ್ಮನಿರದೆ ಅಲರ್ಜಿಯ ತಜ್ಞರನ್ನು ಕಾಣಬೇಕು. ಮುಂದಿನ ಸಲಕ್ಕೆ ಅಡ್ರಿನಲಿನ್ನನ್ನು ಜೊತೆಯಲ್ಲಿಟ್ಟುಕೊಳ್ಳುವ ವಿಷಯವನ್ನು ಅವರಿಂದ ತಿಳಿಯಬೇಕು. ಅತ್ಯಲ್ಪ ಪ್ರಮಾಣದಿಂದ ಮೊದಲುಮಾಡಿ ವರ್ಷಗಳ ಕಾಲ ವಿಷವನ್ನೇ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆಯೂ ಉಂಟು.

ಮಣ್ಣಿನ ಗೂಡಿನ ಹುಳು ನಿರಪಾಯ, ಮುಜಂಟಿ ನಿರಾಯುಧ. ಕಾಗದದ ಗೂಡನ್ನು ಮೊಳಕೆಯಲ್ಲಿ ತೆಗೆಯಬಹುದು. ಕಡಜವೂ ಹೆಜ್ಜೇನೂ ಬಲ್ಲವರ ಕೆಲಸ. ಕುಟುಕಿದ ಮೇಲೆ ಕೊಂಡಿಯನ್ನು ಕೀಳುವುದಕ್ಕೆ ಕ್ಷಣಗಳು, ಕೆಟ್ಟ ಲಕ್ಷಣಗಳನ್ನು ಗುರುತಿಸುವುದಕ್ಕೆ ನಿಮಿಷಗಳು. ಇವೆರಡರಲ್ಲಿ ಮಾತ್ರ ನಮಗೆ ಅವಸರ ತಕ್ಕದ್ದು. ಉಳಿದೆಲ್ಲದರಲ್ಲಿಯೂ ಒಂದು ಗಳಿಗೆ ನಿಂತು ನೋಡುವುದರಿಂದ ಹುಳುವಿಗೂ ಕ್ಷೇಮ, ನಮಗೂ ಕ್ಷೇಮ. ನಾಳೆ ಬೆಳಗ್ಗೆ ಬಿಡುವು ಮಾಡಿಕೊಂಡು ನಿಮ್ಮ ಮನೆಯ ಸೂರನ್ನೊಮ್ಮೆ ತಲೆಯೆತ್ತಿ ನೋಡಿರಿ. ಅಲ್ಲಿ ಕಂಡದ್ದನ್ನು ಮನೆಯ ಮಕ್ಕಳಿಗೂ ಕೆಲಸದವರಿಗೂ ತೋರಿಸಿರಿ.